ಖರೇದಿ ಇಲ್ಲದ ದಿನಗಳ ದುಡಿಮೆ

ಜಾಗಾ, ಹೊಲ ಕೊಡಿಸುವ ನಮ್ಮ ಕಸುಬಿನಲ್ಲಿ ಖಾಲಿ ದಿನಗಳು ಬರುತ್ತಲೇ ಇರುತ್ತವೆ. ಒಂದು ಖರೇದಿ ಮುಗಿದ ಮೇಲೆ ಇನ್ನೊಂದು ಆಗುವತನಕ ತಿಂಗಳುಗಟ್ಟಲೆ ಬಿಡುವು. ಆ ಬಿಡುವಿನಲ್ಲಿ ಮನೆಯಲ್ಲಿ ಕೂತವನಿಗೆ ಏನೂ ದಕ್ಕುವುದಿಲ್ಲ. ನಾನು ಕೂತವನಲ್ಲ. ಖರೇದಿ ಇರಲಿ ಬಿಡಲಿ, ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಮೋಟಾರ್ ಸೈಕಲ್ ಹೊರಡಿಸುವ ಏಜೆಂಟ ಗಡಿಯಂಚಿನ ನಮ್ಮ ಜತ್ತ ತಾಲೂಕಿನಲ್ಲಿ ನಾನೊಬ್ಬನೇ ಅಂತ ಎದೆ ತಟ್ಟಿ ಹೇಳುತ್ತೇನೆ.

ಇದನ್ನು ಒಪ್ಪದವರು ಇಬ್ಬರು. ಒಬ್ಬಳು ನನ್ನ ಹೆಂಡತಿ, ಇನ್ನೊಬ್ಬ ಅವಳ ಅಣ್ಣ. ಅಣ್ಣನದು ಮಿರಜದಲ್ಲಿ ಹಾರ್ಡ್‌ವೇರ್ ಅಂಗಡಿ. ಹೋದ ವರ್ಷ ಯುಗಾದಿಯಿಂದ ದಸರೆಯವರೆಗೆ ನನ್ನ ಕೈಯಿಂದ ಒಂದು ಖರೇದಿಯೂ ಆಗಲಿಲ್ಲ. ಹೆಂಡತಿ ಕೊನೆಯ ಮಾತು ಹೇಳಿಬಿಟ್ಟಳು: "ದೀಪಾವಳಿ ತನಕ ನೋಡ್ರಿ. ಆಗ್ಲಿಲ್ಲಂದ್ರ ಅಣ್ಣನ ಅಂಗಡ್ಯಾಗ ಕುಂದ್ರಾಕ ಹೋಗೂದು. ಅಂವಾ ಗಾಡಿ ತಗೊಂಡ ಬರ್ತಾನ." ಮೊಳೆ ತೂಗುತ್ತ ಮುದುಕನಾಗುವುದು ನನಗೆ ಬೇಕಿರಲಿಲ್ಲ. ಅದಕ್ಕೇ ಆ ದಿನಗಳಲ್ಲಿ ಎರಡು ಪಟ್ಟು ತಿರುಗಿದೆ.

ಬೋರ್ಡು

ಉಮದಿ ರಸ್ತೆಗೆ ನನ್ನ ಕೈಯಲ್ಲಿ ಒಂದು ಪ್ಲಾಟು ಇತ್ತು. ಮಾರುವುದಿದೆ ಅಂತ ಕನ್ನಡ, ಮರಾಠಿ ಎರಡರಲ್ಲೂ ಬರೆಸಿ, ಕೆಳಗೆ ನನ್ನ ಫೋನ್ ನಂಬರು ಹಾಕಿಸಿ ಬೋರ್ಡು ನಿಲ್ಲಿಸಿದ್ದೆ. ಗಿರಾಕಿಯನ್ನು ಬಿಸಿಲಲ್ಲಿ ನಿಲ್ಲಿಸಿ ಮಾತಾಡಬಾರದಲ್ಲ, ಬಿಡುವಿದ್ದಾಗ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹಾಕಿದೆ, ಕೆಳಗೆ ಒಂದು ಉದ್ದನೆಯ ಕಲ್ಲು ಇಟ್ಟೆ.

ಗಿರಾಕಿ ಬರಲಿಲ್ಲ, ಬಸ್ಸು ಕಾಯುವವರು ಬಂದರು. ಜನ ಕೂತಿದ್ದು ನೋಡಿ ಬಸ್ಸೂ ನಿಲ್ಲತೊಡಗಿತು. ಆಮೇಲೆ ನನಗೆ ಫೋನು ಶುರುವಾದವು: "ಸಾಹೇಬ್ರ, ವಿಜಯಪುರದ ಬಸ್ ಹೋತೇನ್ರಿ?"

ಮೊದಮೊದಲು ಸಿಟ್ಟು ಬಂತು. ಆಮೇಲೆ, ತಾನಾಗಿ ಫೋನು ಮಾಡಿದವನನ್ನು ಏಜೆಂಟನಾದವನು ಬಿಡಬಾರದು ಅನಿಸಿತು. ಬಸ್ಸಿನ ಹೊತ್ತನ್ನೆಲ್ಲ ಬಾಯಿಪಾಠ ಮಾಡಿಕೊಂಡೆ. "ಇನ್ನಾ ಬಂದಿಲ್ರಿ, ಆರಾಮ ಕುಂದ್ರಿ. ನೀವು ಕುಂತ ಜಾಗಾ ಪೂರ್ವಕ್ಕ ಮಾರಿ ಮಾಡೇತಿ, ಗಾಳಿ ಹೆಂಗ ಬರ್ತೈತಿ ನೋಡ್ರಿ" ಅನ್ನುತ್ತಿದ್ದೆ. ನನ್ನ ಹೆಸರು ಆ ರಸ್ತೆಯ ತುಂಬ ಆಯಿತು. ಬಸ್ಸಿನ ವಿಚಾರ ಇಷ್ಟು ಚಂದ ಹೇಳುವ ಸಾಹೇಬರು ಹಿಂದೆ ಇರಲೇ ಇಲ್ಲ ಅಂತ ಜನ ಮಾತಾಡಿಕೊಂಡರು.

ಒಂದು ಸಂಜೆ ಹೊಸದಾಗಿ ಬಂದ ಕಂಡಕ್ಟರನೇ ಫೋನು ಮಾಡಿದ. "ಸಾಹೇಬ್ರ, ನಾಳಿ ನಮ್ಮ ಅಕ್ಕನ ಮನ್ಯಾಗ ಕೂಸಿನ್ನ ತೊಟ್ಟಲದಾಗ ಹಾಕೂದ ಐತ್ರಿ. ಒಂದ ದಿನ ರಜಾ ಬೇಕಾಗಿತ್ತು."

ಅಷ್ಟು ಮರ್ಯಾದೆಯಿಂದ ಕೇಳಿದವನಿಗೆ ಇಲ್ಲ ಅನ್ನಲು ಮನಸ್ಸಾಗಲಿಲ್ಲ. ಕೊಟ್ಟೆ.

ಅಭ್ಯಾಸ

ಗಿರಾಕಿ ಇಲ್ಲದಾಗ ನಾಲಿಗೆಗೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಖಾಲಿ ಪ್ಲಾಟಿನಲ್ಲಿ ನಿಂತು ಮಾತಿನ ಅಭ್ಯಾಸ ಮಾಡುವುದು ನನ್ನ ಪದ್ಧತಿ. ಒಂದು ದಿನ ಊರ ಹೊರಗಿನ ಪ್ಲಾಟಿನಲ್ಲಿ ಕುರಿ ಕಾಯುವ ಹಿರಿಯನೊಬ್ಬ ಕಂಬಳಿ ಹಾಸಿ ಕೂತಿದ್ದ. ಕೇಳುವ ಕಿವಿ ಸಿಕ್ಕಿತಲ್ಲ ಅಂತ ಶುರು ಮಾಡಿದೆ. ರಸ್ತೆ ಎಷ್ಟು ಹತ್ತಿರ, ನೀರು ಎಷ್ಟು ಸಿಹಿ, ನೆಲ ಎಷ್ಟು ಸಮ, ಸುತ್ತಮುತ್ತ ಎಂಥ ಸಂಭಾವಿತ ಜನ, ಕಳ್ಳರ ಭಯವಂತೂ ಇಲ್ಲವೇ ಇಲ್ಲ. ಆತ ಪೂರ್ತಿ ಕೇಳಿದ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಮಾತಾಡಿದ್ದೇ ಇಲ್ಲ.

ಮರುದಿನ ಹೋಗಿ ನೋಡಿದರೆ ಪ್ಲಾಟಿನ ತುಂಬ ಕುರಿ. ಬಲೆ ಕಟ್ಟಿ, ಒಲೆ ಹೂಡಿ, ಮನೆಮಂದಿಯೆಲ್ಲ ಇಳಿದಿದ್ದಾರೆ. ಹಿರಿಯ ನಗುತ್ತ ಎದ್ದು ಬಂದ. "ನೀವು ಹೇಳಿದ್ದೆಲ್ಲಾ ಖರೇ ಐತ್ರಿ. ಭಾಳ ಚಲೋ ಜಾಗಾ."

ಎಂಟು ದಿನ ಇದ್ದರು. ಹೊರಡುವಾಗ ಆತ ನನ್ನ ಮನೆಗೇ ಬಂದು ಬಾಗಿಲಲ್ಲಿ ನಿಂತ. ಹೊಲದಲ್ಲಿ ಕುರಿಹಿಂಡು ಕೂರಿಸಿದರೆ ಗೊಬ್ಬರ ಬೀಳುತ್ತದೆ, ಅದಕ್ಕೆ ಹೊಲದವರು ಕುರಿಯವರಿಗೆ ಜೋಳ ಕೊಡುವುದು ನಮ್ಮ ಕಡೆಯ ರೂಢಿ. ಅದನ್ನು ಕೇಳಲು ಬಂದಿದ್ದ. ಮನೆ ಕಟ್ಟುವ ಪ್ಲಾಟಿಗೆ ಗೊಬ್ಬರ ಯಾಕೆ ಅಂತ ವಾದ ಮಾಡಬಹುದಿತ್ತು. ಆದರೆ ನನ್ನ ಮಾತು ನಂಬಿ ಜಾಗಕ್ಕೆ ಬಂದವನು ಆ ವರ್ಷ ಆತನೊಬ್ಬನೇ. ಹೆಂಡತಿ ಜೋಳ ಅಳೆದು ಹಾಕುತ್ತ, "ಕಡೀಕ ಒಂದ ಗಿರಾಕಿ ಆದ್ರಲ್ಲ" ಅಂದಳು.

ಬಿಳಿ ಅಂಗಿಯ ಮೂವರು

ನಮ್ಮ ಕಡೆ ಹೊಲ ಮಾರುತ್ತೇನೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮನೆತನದ ಹೆಸರಿಗೆ ಕುಂದು. ಕೊಳ್ಳಲು ಹೋದವನೂ ಮೊದಲ ಸಲಕ್ಕೆ ಹೊಲದ ಮಾತು ತೆಗೆಯುವುದಿಲ್ಲ. ಮಳೆ, ಬೆಳೆ, ಬೀಗರು, ಮನೆದೇವರು ಅಂತ ಸುತ್ತು ಹಾಕಿ, ಅಣ್ಣತಮ್ಮಂದಿರು ಎಷ್ಟು ಜನ, ಬಾವಿಗೆ ನೀರು ಎಷ್ಟು ಅಂತ ವಿಚಾರಿಸಿ ಎದ್ದು ಬರಬೇಕು. ಈ ಸುತ್ತು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಸೊರಡಿಯಲ್ಲಿ ಒಬ್ಬ ಯಜಮಾನರು ನಾಲ್ಕು ಎಕರೆ ಕೊಡುವ ಮನಸ್ಸಿನಲ್ಲಿದ್ದಾರೆ ಅಂತ ಗಾಳಿಸುದ್ದಿ ಬಂತು. ದೀಪಾವಳಿ ಹತ್ತಿರ ಬಂದಿತ್ತು. ದಾಳಿಂಬೆ ಹಚ್ಚಲು ಹೊಲ ಹುಡುಕುತ್ತಿದ್ದ ಒಬ್ಬರು ನನ್ನ ಕೈಯಲ್ಲಿದ್ದರು. ಅವರನ್ನೂ, ತೋಟ ನೋಡಿಕೊಳ್ಳಬೇಕಾದ ಅವರ ಮಗನನ್ನೂ ಕರೆದುಕೊಂಡು ಹೊರಟೆ. ಮೂವರೂ ಬಿಳಿ ಅಂಗಿ.

ಯಜಮಾನರು ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಕರೆದರು. "ಬರ್ರಿ, ಮ್ಯಾಲ ಕುಂದ್ರಿ." ಹೊಸ ಜಮಖಾನೆ ಹಾಸಿತ್ತು. ನನ್ನ ಹೆಸರು ಇಲ್ಲಿಗೂ ಬಂದು ಮುಟ್ಟಿದೆ ಅಂದುಕೊಂಡೆ. ಮನೆದೇವರ ಮಾತು ಬಂತು. ಎರಡೂ ಮನೆಗೆ ಗುಡ್ಡಾಪುರದ ದಾನಮ್ಮ. ಯಜಮಾನರ ಮುಖ ಅರಳಿತು. ಅವರು ಹುಡುಗನ ಶಿಕ್ಷಣ ಕೇಳಿದರು, ಚಟ ಏನಾದರೂ ಇವೆಯೇ ಕೇಳಿದರು. ತೋಟ ಮಾಡುವವನ ಗುಣ ನೋಡಿ ಹೊಲ ಕೊಡುವ ಮನುಷ್ಯ ಇವರು ಅಂತ ನನಗೆ ಗೌರವ ಹೆಚ್ಚಾಯಿತು. ಹುಡುಗನನ್ನು ಬಾಯಿ ತುಂಬ ಹೊಗಳಿದೆ.

ಅಷ್ಟರಲ್ಲಿ ಸೀರೆ ಉಟ್ಟ ಹುಡುಗಿಯೊಬ್ಬಳು ತಲೆ ಬಗ್ಗಿಸಿ ಅವಲಕ್ಕಿಯ ತಾಟುಗಳನ್ನು ತಂದಿಟ್ಟು, ನಮ್ಮೆಲ್ಲರ ಕಾಲಿಗೆ ನಮಸ್ಕಾರ ಮಾಡಿ, ಎದುರಿಗೆ ಮಣೆಯ ಮೇಲೆ ಕೂತಳು. ನನ್ನ ತಾಟು ಕೈಯಲ್ಲೇ ಉಳಿಯಿತು. ನಮ್ಮ ಕಡೆ ಹೀಗೆ ಅವಲಕ್ಕಿ ಕೊಡುವುದು ಹೆಣ್ಣು ನೋಡಲು ಬಂದವರಿಗೆ; ಆ ವಾರ ಅಂಥವರು ಯಾರೋ ಬರುವವರಿದ್ದರು, ಯಜಮಾನರ ಲೆಕ್ಕದಲ್ಲಿ ನಾವೇ ಅವರಾಗಿದ್ದೆವು. ತಪ್ಪಾಯಿತು ಅನ್ನೋಣವೆಂದರೆ, ಕೂತ ಹುಡುಗಿಯನ್ನು ಬಿಟ್ಟು ಎದ್ದು ಬಂದರೆ ಆ ಮನೆಗೆ ಎಂಥ ಅವಮಾನ. ಗಿರಾಕಿಯ ಕಡೆ ನೋಡಿದೆ. ಅವರು ಮಗನ ಕಡೆ ನೋಡುತ್ತಿದ್ದರು. ಮಗ ಹುಡುಗಿಯ ಕಡೆ ನೋಡುತ್ತಿದ್ದ, ಹುಡುಗಿಯೂ ಒಂದು ಸಲ ನೋಡಿದಳು. ಎರಡು ವರ್ಷದಿಂದ ಹೆಣ್ಣು ಹುಡುಕಿ ಬೇಸತ್ತಿದ್ದ ಗಿರಾಕಿ ನನ್ನ ಕಿವಿಯಲ್ಲಿ ಹೇಳಿದರು: "ಹೊಲ ಆಮ್ಯಾಲ ನೋಡೂಣು."

ಹೊರಡುವಾಗ ಯಜಮಾನರು ನನ್ನನ್ನು ಕೇಳಿದರು. "ನೀವು ಉದ್ಯೋಗ ಏನ ಮಾಡ್ತೀರಿ?"

"ಹೊಲಾ, ಜಾಗಾ ಕೊಡಸ್ತೀನ್ರಿ."

ನಾವು ಯಾಕೆ ಬಂದಿದ್ದೆವೆಂದು ಆಗ ಹೊಳೆದು ಅವರು ಕಟ್ಟೆಯ ಮೇಲೆ ಕೂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡೂ ಕಡೆ ವಿಚಾರಣೆ ನಡೆದು ನಾಲ್ಕೇ ದಿನಕ್ಕೆ ಲಗ್ನ ಗಟ್ಟಿಯಾಯಿತು. ಸಂತೋಷದಲ್ಲಿ ನಾನು ಹೊಲದ ಮಾತು ತೆಗೆದೆ.

"ಬೀಗರಿಗೆ ಹೆಂಗ ಮಾರಲಿ? ಹೆಣ್ಣಿನ ಜೋಡಿ ಹೊಲಾನೂ ಕೊಟ್ಟಾ ಅಂತಾರ ಮಂದಿ" ಅಂದರು ಯಜಮಾನರು.

"ಬೀಗರ ಹೊಲ ಕಸಗೊಂಡಾ ಅಂತಾರ ನನಗ" ಅಂದರು ಗಿರಾಕಿ.

ನನ್ನ ಕೈಯಾರೆ ನನ್ನ ಖರೇದಿ ಮುರಿದಿತ್ತು. ಹೆಗಲ ಮೇಲೆ ಲಗ್ನ ಕೂಡಿಸಿದ್ದಕ್ಕೆ ಅವರು ಹೊದಿಸಿದ ಶಾಲು ಇತ್ತು, ಕಣ್ಣ ಮುಂದೆ ಹಾರ್ಡ್‌ವೇರ್ ಅಂಗಡಿ ಕುಣಿಯುತ್ತಿತ್ತು. ನನ್ನ ಮುಖ ನೋಡಿ ಯಜಮಾನರಿಗೇ ಕನಿಕರ ಬಂದು, ಬಾಜೂ ಹೊಲದವರೂ ಕೊಡುವವರಿದ್ದಾರೆ ಅಂತ ಮೆಲ್ಲಗೆ ತಿಳಿಸಿದರು. ಅದೇ ಬಿಳಿ ಅಂಗಿಯ ಮೂವರು ಅಲ್ಲಿಗೆ ನಡೆದೆವು. ಈ ಸಲ ರೂಢಿ ಗೀಢಿ ಬದಿಗಿಟ್ಟು ಹೊಸ್ತಿಲಲ್ಲೇ ಹೇಳಿದೆ. "ನಾವು ಹೊಲಕ್ಕ ಬಂದೀವ್ರಿ. ಹೊಲಕ್ಕ ಅಷ್ಟ."

ಒಳಗಿನಿಂದ ಆ ಮನೆಯ ಅಮ್ಮನ ಧ್ವನಿ ಕೇಳಿತು. "ಹಂಗಾದ್ರ ಅವಲಕ್ಕಿ ಮುಚ್ಚಿಡು. ಚಾ ಅಷ್ಟ ತಾ."

ದೀಪಾವಳಿ

ಹಬ್ಬಕ್ಕೆ ಎರಡು ದಿನ ಮೊದಲು ಆ ಹೊಲಕ್ಕೆ ಇಸಾರದ ಮುಂಗಡ ಹಣ ಕೊಟ್ಟು ಮಾತು ಗಟ್ಟಿಯಾಯಿತು. ಹೆಂಡತಿ ಅಣ್ಣನಿಗೆ ತಿಳಿಸಲು ಫೋನು ಹಚ್ಚಿದರೆ ಆತ ಎತ್ತಲಿಲ್ಲ. ಪಾಡ್ಯದ ದಿನ ಗಾಡಿ ತೆಗೆದುಕೊಂಡು ಬಂದೇಬಿಟ್ಟ. ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೊರಡಿಯ ಸುದ್ದಿ ಕೇಳಿ ಗಂಡು ಹುಡುಕುವ ಅಪ್ಪಂದಿರು, ಹೆಣ್ಣು ಹುಡುಕುವ ಕಾಕಾಗಳು ಸಾಲಾಗಿ ಕೂತಿದ್ದರು.

"ಅಣ್ಣಾ, ಇವ್ರು ಅಂಗಡಿಗೆ ಬರಾಂಗಿಲ್ಲ. ಇವ್ರಿಗೆ ಪುರಸತ್ತ ಎಲ್ಲೈತಿ?" ಅಂದಳು ನನ್ನ ಹೆಂಡತಿ. ಅಷ್ಟು ವರ್ಷದ ಸಂಸಾರದಲ್ಲಿ ಆ ಮಾತಿಗಾಗಿ ನಾನು ಕಾದಿದ್ದೆ. ನನ್ನ ಕಣ್ಣು ಒದ್ದೆಯಾದವು.

ಭಾವ ಮೂಲೆಯಲ್ಲಿ ಜಾಗ ಮಾಡಿಕೊಂಡು ಕೂತ. ಹಬ್ಬದ ಫರಾಳ ತಿಂದ, ಚಹಾ ಕುಡಿದ. ಜನ ಕರಗಿದ ಮೇಲೆ ನನ್ನನ್ನು ಹಿತ್ತಲಿಗೆ ಕರೆದ. ನಮ್ಮ ಕಡೆ ತಂಗಿಯ ಗಂಡನಿಗೆ ದಾಜಿ ಅನ್ನುತ್ತಾರೆ. ಆತ ನನ್ನನ್ನು ಹಾಗೆ ಕರೆಯುವುದನ್ನು ಬಿಟ್ಟು ಬಹಳ ದಿನವಾಗಿತ್ತು.

"ದಾಜಿ, ನಮ್ಮ ಹುಡುಗಗೂ ಒಂದ ಕಡೆ ನೋಡ್ರಿ. ಅಂಗಡಿ ಚಲೋ ನಡದೈತಿ, ಆದ್ರೂ ಯಾರೂ ಹೆಣ್ಣ ಕೊಡವಲ್ರು."

"ಹೆಣ್ಣಿನವ್ರು ಮೊದಲ ಏನ ಕೇಳ್ತಾರ?"

"ಹೊಲ ಎಷ್ಟ ಐತಿ ಅಂತ ಕೇಳ್ತಾರ."

"ಎಷ್ಟ ಐತಿ?"

"ಎಲ್ಲೀದು ದಾಜಿ? ಅಂಗಡಿ ಅಷ್ಟ ಐತಿ."

ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ. "ಹೆಂಗೂ ಗಾಡಿ ತಂದೀರಿ. ನಡ್ರಿ, ಕತ್ತಲಾಗೂದ್ರಾಗ ಎರಡ ಹೊಲ ತೋರಸ್ತೀನಿ."