ಜೀಪು ಕುಡಿದ ನೀರು

ಉರುಕುಂದ ಈರಣ್ಣನ ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳು ಹೇಳುವ ದರ್ದಾದರೂ ನನಗೇನಿದೆ? ಗೋನೆಗಂಡ್ಲದ ಕಡೆ ಹೋಗುವ ರಸ್ತೆಯಲ್ಲಿ ನೀವು ಕುಲುಕಾಡುತ್ತ ಹೋಗುತ್ತೀರಲ್ಲ, ಆ ರಸ್ತೆ ಹಾಕಿಸಿದ ಮೇಸ್ತ್ರಿ ನಾನೇ. ಕುಲುಕು ಮಾತ್ರ ಓವರ್‌ಸೀಯರನದು. ಸರಕಾರ ಬಡವರಿಗೆ ಕೆಲಸ ಕೊಡಲು ಹೊರಟಾಗಲೆಲ್ಲ ಇಂಥವು ನಡೆಯುತ್ತಲೇ ಇರುತ್ತವೆ. ನಗಬೇಕೋ ಅಳಬೇಕೋ ತಿಳಿಯದಿದ್ದಾಗ ನಾನು ನಕ್ಕುಬಿಡುತ್ತೇನೆ. ಬರಗಾಲದಲ್ಲಿ ಕಣ್ಣೀರು ಪೋಲು ಮಾಡಬಾರದು.

೧. ನೀರಿನ ನೌಕರಿ

ಆಂಧ್ರ ಬೇರೆ ರಾಜ್ಯವಾದ ಹೊಸತು. ಮಳೆ ಕೈಕೊಟ್ಟಿತ್ತು, ಸರಕಾರ ಬರಗಾಲದ ಕಾಮಗಾರಿ ತೆಗೆದಿತ್ತು. ಗಂಡಸರು ಹೆಂಗಸರು ಎಲ್ಲರೂ ಕೂತು ಜಲ್ಲಿ ಒಡೆಯುವುದೇ. ಊರವರ ತಂಡ ಈ ಕಡೆ, ಕೇರಿಯವರ ತಂಡ ಗುಡ್ಡದ ಆಚೆ. ನಮ್ಮ ತಂಡಕ್ಕೆ ನೀರು ಕೊಡಲು ಪೂಜೆ ಮಾಡುವ ಮಡಿವಂತ ಅಯ್ಯನೊಬ್ಬನನ್ನು ಸರಕಾರಿ ಕೂಲಿಯ ಮೇಲೆ ಇಟ್ಟಿದ್ದರು. ಗುಡ್ಡದ ಆಚೆ ಅಂಥ ಹುದ್ದೆಯೇ ಇರಲಿಲ್ಲ. ಅವರಿಗೆ ಬಾಯಾರಿಕೆ ಇನ್ನೂ ಮಂಜೂರಾಗಿರಲಿಲ್ಲ ಅಂತ ಕಾಣುತ್ತದೆ.

ಒಂದು ದಿನ ಆಚೆ ತಂಡದ ಹೆಣ್ಣುಮಗಳೊಬ್ಬಳು ಬಂದು ಓವರ್‌ಸೀಯರನ ಮುಂದೆ ನಿಂತಳು. ಸುತ್ತಿಗೆ ಬಿದ್ದು ಬಲಗೈ ಬೆರಳು ಜಜ್ಜಿಹೋಗಿದ್ದವು. ಗಂಡ ತೀರಿಹೋಗಿದ್ದ, ಮನೆಯಲ್ಲಿ ಸಣ್ಣ ಹೆಣ್ಣುಮಕ್ಕಳು. ಕೂಲಿ ನಿಂತರೆ ಒಲೆ ಹತ್ತುವುದಿಲ್ಲ.

"ಎಪ್ಪಾ, ಸುತ್ತಿಗಿ ಹಿಡಿಯಾಕ ಬರವಲ್ದು. ನೀರು ಕೊಡೋ ಕೆಲಸ ಕೊಡ್ರಿ. ಕೊಡ ಹೊರಾಕ ಸೊಂಟ ಗಟ್ಟಿ ಐತಿ."

"ನಿನ್ನ ಕೈಯಾಗಿನ ನೀರು ಯಾರು ಕುಡೀತಾರವಾ?"

"ನಾ ಒಡದ ಜಲ್ಲಿ ಮ್ಯಾಲೆ ಎಲ್ಲಾರೂ ನಡೀತೀರಲ್ರಿ?"

"ನಡಿಯೋದು ಕಾಲು, ಕುಡಿಯೋದು ಬಾಯಿ," ಅಂದ ಓವರ್‌ಸೀಯರ್. ಎಷ್ಟಾದರೂ ಓದಿದವನು, ಯಾವುದು ಕಾಲು ಯಾವುದು ಬಾಯಿ ಅಂತ ಗೊತ್ತಿತ್ತು.

೨. ಜಲ್ಲಿ ಗುಡ್ಡೆಯ ಮೇಲಿನ ಭಾಷಣ

ಆಕೆ ಸುಮ್ಮನಾಗಲಿಲ್ಲ. ಆದೋನಿಯಿಂದ ಸಾಹೇಬರು ತಪಾಸಣೆಗೆ ಬಂದ ದಿನ ಜೀಪಿಗೆ ಅಡ್ಡ ನಿಂತು ದೂರು ಹೇಳಿದಳು. ಸಾಹೇಬರು ಸಮುದ್ರದ ಕಡೆಯ ತೆಲುಗಿನವರು, ಬಾಯಿ ತೆರೆದರೆ ಅಲೆ. ಜಲ್ಲಿ ಗುಡ್ಡೆ ಏರಿ, "ಸರ್ಕಾರು ಪನಿಲೋ ಅಂದರೂ ಸಮಾನಮೇ!" ಅಂತ ಗುಡುಗಿದರು. ಸರಕಾರಿ ಕೆಲಸದಲ್ಲಿ ಎಲ್ಲರೂ ಸಮಾನ, ಜಾತಿ ನೋಡುವುದು ಕಾನೂನಿಗೆ ವಿರುದ್ಧ, ನಾಳೆಯಿಂದ ಈಕೆಯೂ ಊರವರ ತಂಡಕ್ಕೆ ನೀರು ಕೊಡಬೇಕು ಅಂತ ಹುಕುಂ ಆಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನನ್ನ ಚಪ್ಪಾಳೆಗೆ ಅತ್ತ ದೇವನಕೊಂಡದಲ್ಲಿ ಕಾಗೆ ಎದ್ದವಂತೆ.

ಭಾಷಣ ಮಾಡಿ ಸಾಹೇಬರಿಗೆ ಕೆಮ್ಮು ಬಂತು. ಆಕೆ ಮುಖ ಅರಳಿಸಿಕೊಂಡು, "ನಾಳಿತನ ಯಾಕ್ರಿ, ಈಗ ನಿಮ್ಮಿಂದನ ಸುರು ಮಾಡ್ತೀನಿ," ಅಂತ ಕೊಡ ಹುಡುಕತೊಡಗಿದಳು. ಸಾಹೇಬರು ಗಾಬರಿಯಾಗಿ ಕೈ ಅಡ್ಡ ಹಿಡಿದರು. ಕಾಯಿಸಿ ಆರಿಸಿದ ನೀರನ್ನೇ ಕುಡಿಯಬೇಕು ಅಂತ ಡಾಕ್ಟರು ಹೇಳಿದ್ದರಂತೆ. ಜವಾನ ಜೀಪಿನಿಂದ ಮುಚ್ಚಳದ ಬೆಳ್ಳಿ ಚೊಂಬು ತಂದ. ಆ ಡಾಕ್ಟರು ಜಿಲ್ಲೆಯ ಸಾಹೇಬರಿಗೆಲ್ಲ ಅದನ್ನೇ ಹೇಳಿದ್ದರು ಅಂತ ಆಮೇಲೆ ತಿಳಿಯಿತು. ಕಾಯಿಲೆ ಮಾತ್ರ ಯಾರಿಗೂ ಇರಲಿಲ್ಲ.

೩. ಖಾಲಿ ಕೊಡ

ಮರುದಿನ ಓವರ್‌ಸೀಯರ್ ಆಕೆಗೆ ಒಂದು ಹೊಸ ಮಣ್ಣಿನ ಕೊಡ ಕೊಟ್ಟು ಬೇವಿನ ಗಿಡದ ಕೆಳಗೆ ಕೂರಿಸಿದ. ಅಂಥ ತಂಪು ನೆರಳು ಸುತ್ತ ಏಳೂರಲ್ಲಿ ಇರಲಿಲ್ಲ. ಜಾಗ ಆರಿಸಿಕೊಟ್ಟವನು ನಾನೇ.

ಆಕೆ ಕೊಡದೊಳಗೆ ಇಣುಕಿ ನೋಡಿದಳು. "ನೀರು ಎಲ್ಲಿ ತುಂಬಲಿ ಎಪ್ಪಾ? ಊರ ಬಾವಿಗೆ ಬಿಡ್ತಾರೇನ್ರಿ?"

"ಬಾವಿ ಮಾತು ಯಾಕವಾ? ಸಾಹೇಬರು ನೌಕರಿ ಕೊಡು ಅಂದ್ರು, ಕೊಟ್ಟೀನಿ. ಸುಮ್ನ ಕುಂದ್ರು," ಅಂದ ಓವರ್‌ಸೀಯರ್.

ಆಕೆ ಕೂರಲಿಲ್ಲ. ದೂರದ ಹಳ್ಳಕ್ಕೆ ಹೋಗಿ, ಎಡಗೈಯಿಂದ ಮರಳು ತೋಡಿ, ಒರತೆಯ ನೀರು ಸೋಸಿ ತಂದಳು. ಕೊಡದ ಬಾಯಿಗೆ ತೊಳೆದ ಬಟ್ಟೆ ಕಟ್ಟಿದಳು. ಜನ ತುಟಿ ಸವರಿಕೊಳ್ಳುತ್ತ ಆಕೆಯನ್ನು ಸುತ್ತಿ ಬಳಸಿ ಅಯ್ಯನ ಹತ್ತಿರ ಹೋದರು. ಸಂಜೆ ಆಕೆ ತುಂಬಿದ ಕೊಡವನ್ನು ಹಾಗೇ ಹೊತ್ತು ಮನೆಗೆ ನಡೆದಳು. ದಿನಾ ಇದೇ.

ಕಡೆಗೆ ನಮ್ಮ ತಂಡದವರು ಆದೋನಿಗೆ ಒಂದು ದೂರು ಕಳಿಸಿದರು: "ಈಕೆ ಒಬ್ಬರಿಗೂ ಒಂದು ಹನಿ ನೀರು ಕೊಡದೆ ಕೂಲಿ ತಗೊಳ್ತಾಳ. ನಮಗೆ ಅನ್ಯಾಯ ಆಗೈತಿ. ಸಮಾನತೆ ಬೇಕು!"

೪. ಸಾಕ್ಷಿ

ವಿಚಾರಣೆಗೆ ಸಾಹೇಬರು ಸುಡು ಮಧ್ಯಾಹ್ನ ಬಂದರು. ಗುಡ್ಡ ಏರುವಷ್ಟರಲ್ಲಿ ಜೀಪು ಕಾದು, ಮೂತಿಯಿಂದ ಹೊಗೆ ಬಿಟ್ಟು, ನಮ್ಮ ಮುಂದೆ ಉಸಿರು ಕಟ್ಟಿ ನಿಂತಿತು. ಜೀಪು ಓಡಿಸುವ ಸಾಯಬ ಅಯ್ಯನ ಹತ್ತಿರ ಓಡಿದ. "ಅಯ್ಯನೋರೆ, ಥೋಡಾ ಪಾನಿ ಕೊಡ್ರಿ!"

"ನನ್ನ ಮಡಿ ನೀರು ಎಂಜಿನ್ನಿಗೇನೋ? ಅದರ ಸೀಟು ಚರ್ಮದ್ದು, ದೂರ ಸರಿ!"

ಸಾಯಬ ಬೇವಿನ ಗಿಡದ ಕಡೆ ತಿರುಗಿದ. ಆಕೆ ಎದ್ದು ಬಂದು ಅರ್ಧ ಕೊಡ ಬಗ್ಗಿಸಿದಳು. ಜೀಪು ಗಟಗಟ ಕುಡಿದು, ಬಿಸಿ ಉಸಿರು ಬಿಟ್ಟು, ತಣ್ಣಗಾಯಿತು.

ಸಾಹೇಬರು ವಿಚಾರಣೆ ಶುರು ಮಾಡಿದರು. "ಈಕೆಯ ಕೈಯಿಂದ ಒಬ್ಬರಾದರೂ ನೀರು ಕುಡಿದಿದ್ದರೆ ನೌಕರಿ ಉಳಿಯುತ್ತದೆ. ಇಲ್ಲವಾದರೆ ಇವತ್ತೇ ತೆಗೆಯುತ್ತೇನೆ. ಕುಡಿದವರು ಕೈ ಎತ್ತಿ."

ನಾವೆಲ್ಲ ನೆಲ ನೋಡಿದೆವು. ಅಷ್ಟು ಜನ ಅಷ್ಟು ಹೊತ್ತು ನೋಡುವಂಥದ್ದು ಆ ನೆಲದಲ್ಲಿ ಏನೂ ಇರಲಿಲ್ಲ.

"ಒಬ್ರು ಕುಡದಾರ್ರಿ ಸಾಹೇಬ್ರ," ಅಂದಳು ಆಕೆ.

"ಯಾರು?"

"ನಿಮ್ಮ ಜೀಪು. ಸರಕಾರದ್ದೇ ಅಲ್ಲೇನ್ರಿ ಅದು? ಹೊಳ್ಳಿ ಆದೋನಿ ಮುಟ್ಟೋತನ ಇನ್ನರ್ಧ ಕೊಡ ಕೇಳ್ತೈತಿ. ನನ್ನ ನೌಕರಿ ಐತೋ ಇಲ್ಲೋ ಹೇಳ್ರಿ. ಇಲ್ಲಂದ್ರ ಕೊಡ ಎತ್ತಿಕೊಂಡು ಮನಿಗೆ ಹೊಕ್ಕೀನಿ."

ಸಾಹೇಬರು ಸೂರ್ಯನನ್ನು ನೋಡಿದರು. ಜೀಪನ್ನು ನೋಡಿದರು. ತಮ್ಮ ಬೆಳ್ಳಿ ಚೊಂಬನ್ನೂ ನೋಡಿದರು. ಅದರಲ್ಲಿ ಒಂದು ಗುಟುಕು ಉಳಿದಿತ್ತು.

"ಸಮಾನತೆ ಜಾರಿಯಾಗಿದೆ," ಅಂದರು. "ನೌಕರಿ ಖಾಯಂ."

ರಸ್ತೆ ಮುಗಿಯುವವರೆಗೆ ಆಕೆಯ ಕೂಲಿ ತಪ್ಪಲಿಲ್ಲ. ಆಕೆಯ ಕೈ ನೀರು ಕುಡಿದದ್ದು ಕೊನೆಯವರೆಗೂ ಆ ಜೀಪೊಂದೇ. ಅದರ ಜಾತಿ ಕೆಟ್ಟ ಸುದ್ದಿ ಇದುವರೆಗೂ ಬಂದಿಲ್ಲ.

ಆಣೆ ಮಾಡಿದ್ದೇನೆ, ಎಲ್ಲವೂ ನಿಜ. ಕೇಳುವವರ ಮನಸ್ಸು ತಂಪಾಗಿರಲಿ ಅಂತ ಒಂದು ಸಣ್ಣ ವಿವರ ಮಾತ್ರ ನಾನು ಸೇರಿಸಿದ್ದು: ಆ ಬೇವಿನ ಗಿಡ. ಅಲ್ಲಿ ಗಿಡ ಇರಲಿಲ್ಲ.