ಕರಾರು ಪತ್ರದಲ್ಲಿ ಇಲ್ಲದ ಗುದ್ದಲಿ

ನಮ್ಮ ಮನೆ ಮಾಲೀಕರು ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಹಾಗಂತ ಅವರಿಗೆ ಸಂಕೋಚವೆಂದು ತಿಳಿಯಬೇಡಿ. ಸಂಕೋಚಕ್ಕೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರು ನೋಡುವುದು ಪಾದಗಳನ್ನು! ಎದುರಿಗೆ ಬಂದವರು ಮಂತ್ರಿಯಾಗಲಿ, ಗ್ಯಾಸ್ ಸಿಲಿಂಡರಿನವನಾಗಲಿ, ಮೊದಲು ಪಾದ ನೋಡಿ ಮನುಷ್ಯನಿಗೆ ಬೆಲೆ ಕಟ್ಟಿ ಆಮೇಲೆ ಬಾಯಿ ತೆರೆಯುತ್ತಾರೆ.

ಹೂಡಿಯ ಸುತ್ತಮುತ್ತ ಮನೆ ಹುಡುಕುತ್ತ ನಾವು ಅವರ ಬಾಗಿಲಿಗೆ ಹೋದೆವು. ಉಳಿದ ಮಾಲೀಕರೆಲ್ಲ ಪದ್ಧತಿಯಂತೆ "ವೆಜ್ಜಾ? ಎಷ್ಟು ಜನ? ನೆಂಟ್ರು ಜಾಸ್ತಿ ಬರ್ತಾರಾ?" ಎಂದು ಕೇಳಿದ್ದರೆ, ಇವರು ಕಲ್ಲುಬೆಂಚಿನ ಮೇಲೆ ಕುಳಿತಲ್ಲಿಂದಲೇ "ಎಲ್ಲಿ, ಕಾಲು ತೋರ್ಸಿ" ಎಂದರು. ನನ್ನ ಗಂಡ ವಿನಯವಂತ. ಹೊಸ ಶೂ ತೊಟ್ಟ ಕಾಲನ್ನು ಮುಂದೆ ಚಾಚಿದರು.

"ನಾನೇನು ಚಪ್ಲಿ ಅಂಗ್ಡಿ ಮಡಗಿದ್ದೀನಾ? ಶೂ ಬಿಚ್ಚಿ ತೋರ್ಸಪ್ಪಾ."

ಬಿಚ್ಚಿದರು. ಮನೆ ಯಜಮಾನರು ಬಗ್ಗಿ ನೋಡಿ ಲೊಚಗುಟ್ಟಿದರು. "ಬೆಣ್ಣೆ. ಕೆಲ್ಸಕ್ಕೆ ಬರಾಕಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನಿಂದು ಪರವಾಗಿಲ್ಲ ಕಣಮ್ಮ, ನೆಲ ತುಳ್ದಿರೋ ಕಾಲು." ಚಿತ್ರದುರ್ಗದ ಕಲ್ಲುಬಂಡೆ ಹತ್ತಿ ಬೆಳೆದ ನನ್ನ ಪಾದಗಳಿಗೆ ಹುಟ್ಟಿದಾಗಿನಿಂದ ಸಿಕ್ಕ ಮೊದಲ ಸರ್ಟಿಫಿಕೇಟು ಅದು. ನಾನು ಹಿಗ್ಗಿದೆ. ಹಿಗ್ಗಿದ್ದೇ ತಪ್ಪಾಯಿತು.

ಆ ಮನೆ ಸೇರಿದ ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದ ಸದ್ದು. ತೆರೆದರೆ ಯಜಮಾನರು! ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ಗುದ್ದಲಿ.

"ಬಾರಮ್ಮ, ಓಗುವ."

"ಎಲ್ಲಿಗೆ ಸಾರ್?"

"ದಾರಿ ಮಾಡಾಕೆ."

ವಾರವಿಡೀ ಲ್ಯಾಪ್‌ಟಾಪಿನ ಮುಂದೆ ಬೆಂದವಳಿಗೆ ಇದ್ದ ಒಂದೇ ಭಾನುವಾರ! ನನಗೆ ಸಿಟ್ಟು ಬಂತು. ಒಳಗೆ ಹೋಗಿ ಬಾಡಿಗೆ ಕರಾರು ಪತ್ರವನ್ನೇ ತಂದು ಅವರ ಮುಂದೆ ಓದಿದೆ. ಗೋಡೆಗೆ ಮೊಳೆ ಹೊಡೆಯಬಾರದು ಅಂತಿದೆ, ತಾರಸಿಯಲ್ಲಿ ಮೆಣಸಿನಕಾಯಿ ಒಣಗಿಸಬಾರದು ಅಂತಿದೆ, ಗುದ್ದಲಿಯ ಸುದ್ದಿ ಎಲ್ಲಿದೆ ತೋರಿಸಿ ಎಂದೆ. ಅವರು ನನ್ನ ಪಾದ ನೋಡುತ್ತಲೇ ಕೇಳಿದರು: "ಬರ್ದಿರಾದೆಲ್ಲ ಮಾಡ್ತಾರಾ? ಮಾಡಾದೆಲ್ಲ ಬರೀತಾರಾ?" ಇದಕ್ಕೆ ಯಾವ ವಕೀಲರ ಬಳಿ ಉತ್ತರವಿದೆ, ನೀವೇ ಹೇಳಿ! ಒಳಕೋಣೆಯಿಂದ ನನ್ನ ಗಂಡನ "ಅಯ್ಯೋ ಸೊಂಟ" ಎಂಬ ನರಳಿಕೆ ಕೇಳಿಸಿತು. ಹಿಂದಿನ ಸಂಜೆಯವರೆಗೂ ಆ ಸೊಂಟ ಚೆನ್ನಾಗಿಯೇ ಇತ್ತು. ಕೊನೆಗೆ ಗುದ್ದಲಿ ನನ್ನ ಹೆಗಲೇರಿತು.

ದಾರಿಯ ಕಥೆ ಹೀಗೆ. ನಮ್ಮ ಬೀದಿಯ ಕೊನೆಯಲ್ಲಿ ಒಂದು ಕೆರೆ, ಅದರ ಈಚೆ ದಡಕ್ಕೆ ಸರ್ಕಾರದವರು ಮಾಡಿದ ಪಾರ್ಕು. ಪಾರ್ಕಿನಲ್ಲಿ ಟೈಲ್ಸು ಹಾಕಿದ ಸುತ್ತುದಾರಿ, ನಾಲ್ಕು ಜೋಕಾಲಿ, 'ಉಗುಳಬೇಡಿ' ಎಂಬ ಫಲಕ. ಇವು ಯಾವುದರ ಮೇಲೂ ಯಜಮಾನರಿಗೆ ಆಸೆಯಿಲ್ಲ. ಅವರ ಜೀವವಿರುವುದು ಪಾರ್ಕಿನ ಹಿಂಬದಿಯಿಂದ ಕೆರೆ ಏರಿಯ ಮೇಲೆ ಹೊರಟು ಆಚೆ ದಡದ ಹಳೆಯ ಊರಿಗೆ ಸೇರುವ ಮಣ್ಣಿನ ಕಾಲುದಾರಿಯಲ್ಲಿ. ಆ ಊರಿಗೆ ಕೊಟ್ಟ ಅವರ ಅಕ್ಕ, ಎಂಬತ್ತರ ಹತ್ತಿರದವರು, ದಿನಾ ಬೆಳಿಗ್ಗೆ ಅದೇ ದಾರಿಯಲ್ಲಿ ತಮ್ಮನನ್ನು ನೋಡಲು ಬರುತ್ತಾರೆ. ಮೇನ್ ರೋಡಿನಲ್ಲಿ ಬಂದರೆ ನೀರಿನ ಟ್ಯಾಂಕರುಗಳ ಕಾಟ. ಆಟೋ ಹತ್ತಿದರೆ ತಲೆ ಸುತ್ತು. ಹೀಗಿರುವಾಗ ವಾರ್ಡಿನ ಇಂಜಿನಿಯರ್ ಒಂದು ಮಳೆಗಾಲದಲ್ಲಿ ಬಂದು, ಏರಿಯ ದಾರಿ ಇನ್ನೊಂದು ಸಲ ಕುಸಿದರೆ ಅಪಾಯವೆಂದು ಬೇಲಿ ಹಾಕಿ ಮುಚ್ಚಿಬಿಡುತ್ತೇವೆ ಎಂದು ಹೇಳಿ ಹೋಗಿದ್ದರು. ದಾರಿ ಮುಚ್ಚಿದರೆ ಅಕ್ಕ ಬರುವುದು ನಿಂತಂತೆಯೇ. ಅಂದಿನಿಂದ ಯಜಮಾನರು ಆ ದಾರಿಯ ಸೇವೆಗೆ ನಿಂತರು, ನಮ್ಮಂಥ ಬಾಡಿಗೆಯವರನ್ನೂ ನಿಲ್ಲಿಸಿದರು.

ಇಷ್ಟೆಲ್ಲ ಮಾಡಿಸಿಕೊಳ್ಳುವ ಆ ಅಕ್ಕನಾದರೂ ಒಂದು ಒಳ್ಳೆಯ ಮಾತಾಡಬಾರದೇ? ಊಹೂಂ! ಎಂಟು ಗಂಟೆಗೆ ಬಂದು ಕಲ್ಲುಬೆಂಚಿನ ಮೇಲೆ ಕೂರುವುದು, ಪಾದ ಉಜ್ಜಿಕೊಳ್ಳುವುದು, ಶುರು ಮಾಡುವುದು. "ಅದೇನ್ ದಾರಿ ಮಾಡಿದ್ದೀಯೋ? ಅತ್ತಿಮರದ ತಾವ ಜಾರ್ತದೆ." ಮರುದಿನ ಮುಳ್ಳು. ಅದರ ಮರುದಿನ, ನೀವು ನಂಬಬೇಕು, "ಮಣ್ಣು ಅತಿಯಾಗಿ ಮೆತ್ತಗದೆ!" ಯಜಮಾನರು ಕೆಂಡವಾಗಿ, "ನಾಳೆಯಿಂದ ಬರ್ಬ್ಯಾಡ ಓಗು!" ಎಂದು ಕೂಗಿ, ಕಾಫಿಯನ್ನೂ ಪೂರ್ತಿ ಕುಡಿಯದೆ ಗುದ್ದಲಿ ಎತ್ತಿಕೊಂಡು ಏರಿಗೆ ಹೊರಡುತ್ತಿದ್ದರು. ಉಳಿದ ಕಾಫಿಯನ್ನು ಅಕ್ಕ ನಿಧಾನವಾಗಿ ಕುಡಿಯುತ್ತಿದ್ದರು. ಇಂಥ ಕೃತಘ್ನತೆಯನ್ನು ನಾನು ನನ್ನ ಆಫೀಸಿನ ಕ್ಲೈಂಟುಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ದಾರಿಯ ಮೇಲೆ ಯಜಮಾನರ ಕಾನೂನೇ ಕಾನೂನು. ಓಡುವಂತಿಲ್ಲ, ಓಡಿದರೆ ಏರಿಯ ಅಂಚು ಒಡೆಯುತ್ತದೆ. ಒಮ್ಮೆ ಕಿವಿಗೆ ಬಿರಡೆ ಸಿಕ್ಕಿಸಿಕೊಂಡು ಓಡಿಬಂದ ಯುವಕನೊಬ್ಬನಿಗೆ ಗುದ್ದಲಿ ಅಡ್ಡ ಹಿಡಿದು, "ಯಾರಪ್ಪಾ ಅಟ್ಟಿಸ್ಕೊಂಡ್ ಬತ್ತಾವ್ರೆ?" ಎಂದು ನಿಜವಾದ ಕಳಕಳಿಯಿಂದ ವಿಚಾರಿಸಿದರು. ಅವನು ಹಿಂದೆ ತಿರುಗಿ ನೋಡಿಯೇಬಿಟ್ಟ! ಇನ್ನೊಂದು ದಿನ ಅಡ್ಡದಾರಿಯೆಂದು ಏರಿಗೆ ಬೈಕು ಹತ್ತಿಸಿದ ಡೆಲಿವರಿಯವನನ್ನು ಇಳಿಸಿ, ಆ ತುದಿಯವರೆಗೂ ಬೈಕು ತಳ್ಳಿಸಿದರು. "ಅಣ್ಣಾ, ಕಸ್ಟಮರ್ ಬೈತಾರೆ" ಎಂದು ಅವನು ಗೋಗರೆದರೆ, "ಅದ್ಯಾವನಿಗೆ ಅಂಥಾ ಅರ್ಜೆಂಟು, ಇಲ್ಲಿಗೇ ಬರೇಳು" ಎಂದರಂತೆ. ಆ ಕಸ್ಟಮರ್ ನಾನೇ. ತಣ್ಣಗಾದ ದೋಸೆ ಕೈಯಿಂದ ಹರಿಯಲಿಲ್ಲ, ಹಲ್ಲಿಂದಲೂ ಹರಿಯಲಿಲ್ಲ.

ಒಂದು ಭಾನುವಾರ ನಾನು ತಡೆಯಲಾರದೆ, ದಾರಿ ಇಷ್ಟು ಸೊಟ್ಟಗೇಕೆ, ನೇರ ಮಾಡಿದರೆ ಅರ್ಧ ಕೆಲಸ ಉಳಿಯುತ್ತದಲ್ಲ ಎಂದೆ. "ಇದು ದನ ಮಾಡಿದ್ ದಾರಿ ಕಣಮ್ಮ. ನೀರು ಎಲ್ಲಿ ನಿಲ್ತದೆ ಅಂತ ದನಕ್ಕೆ ಗೊತ್ತು. ನೀನು ಏನ್ ಓದಿದ್ದೀಯಾ?" ಎಂದರು. ಎಂ.ಟೆಕ್ ಎಂದೆ. "ಓಗ್ಲಿ ಬುಡು" ಎಂದು ಸಮಾಧಾನ ಹೇಳಿದರು. ದನದ ಮುಂದೆ ಸೋತ ನನಗೆ ಆ ಸಮಾಧಾನವೇ ಹೆಚ್ಚು ಉರಿಸಿತು.

ಈ ಉರಿಯಲ್ಲೇ ನಾನು ಆ ಘನಕಾರ್ಯ ಮಾಡಿದ್ದು. ಆಫೀಸಿನಲ್ಲಿ 'ಸಮಾಜಕ್ಕೆ ಏನಾದರೂ ಮಾಡೋಣ' ಎಂಬ ಮೇಲ್ ಬಂದಿತ್ತು. ನಾನು ಕೈ ಎತ್ತಿದೆ. ಯಜಮಾನರು ಮದುವೆಗೆಂದು ಮಾಲೂರಿಗೆ ಹೋದ ಶನಿವಾರ ನೋಡಿ ನಲವತ್ತು ಜನರನ್ನು ಕೆರೆಗೆ ಇಳಿಸಿಯೇಬಿಟ್ಟೆ. ಹಸಿರು ಟೀ ಶರ್ಟು, ಹಳದಿ ಕೈಗವಸು, ಎರಡಾಳುದ್ದದ ಬ್ಯಾನರು! ಒಬ್ಬ ಮುದುಕ ಎರಡು ತಿಂಗಳಲ್ಲಿ ಮಾಡುವುದನ್ನು ನಾವು ಮೂರು ಗಂಟೆಯಲ್ಲಿ ಮಾಡಿ ತೋರಿಸುತ್ತೇವೆ ಎಂದು ಭಾಷಣವನ್ನೂ ಬಿಗಿದೆ. ಏರಿಯ ಇಳಿಜಾರಿನಲ್ಲಿ ಪೊದೆಪೊದೆಯಾಗಿ ಬೆಳೆದಿದ್ದ ಒರಟು ಹುಲ್ಲನ್ನೆಲ್ಲ ನಮ್ಮವರು ಹಠ ಹಿಡಿದು ಕಿತ್ತರು. ಬೇರು ಬಿಡಲೊಲ್ಲದು, ಇವರು ಬಿಡಲೊಲ್ಲರು! ಬಿಳಿಯ ಪುಟ್ಟ ಹೂಬಿಟ್ಟ ಗಿಡಗಳನ್ನು ಮಾತ್ರ "ಸೋ ಕ್ಯೂಟ್" ಎಂದು ಉಳಿಸಿ, ಸುತ್ತ ಕಲ್ಲು ಜೋಡಿಸಿ ಪಾತಿ ಮಾಡಿದರು. ಒಬ್ಬಳು ಆ ಹೂಗಳನ್ನು ಗೊಂಚಲು ಕಟ್ಟಿ ನನಗೇ ಕೊಟ್ಟಳು, ನಾನು ಅದನ್ನು ಎದೆಗೆ ಹಿಡಿದು ಫೋಟೋ ತೆಗೆಸಿಕೊಂಡೆ.

ಸಂಜೆ ಮದುವೆಯ ಬಿಳಿ ಪಂಚೆಯಲ್ಲೇ ಯಜಮಾನರು ಏರಿಗೆ ಬಂದರು. ಶಹಬ್ಬಾಸ್‌ಗಿರಿ ಸಿಗಬಹುದೆಂದು ನಾನು ಹಲ್ಲು ಕಿರಿಯುತ್ತ ನಿಂತಿದ್ದೆ. ಅವರು ಕಿತ್ತ ಹುಲ್ಲಿನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಬೇರನ್ನು ಮೂಸಿ, ನನ್ನ ಮೂಗಿಗೆ ಹಿಡಿದರು. ಘಮಘಮಿಸಿತು. ಲಾವಂಚ! ಏರಿಯ ಮಣ್ಣು ಜಾರದಂತೆ ಹಿಡಿದಿಡಲು ಅವರು ಮೂರು ವರ್ಷ ಒಂದೊಂದೇ ಸಸಿ ನೆಟ್ಟು ಬೆಳೆಸಿದ್ದು. ನಾವು ಪಾತಿ ಮಾಡಿ ಕೂರಿಸಿದ್ದು ಪಾರ್ಥೇನಿಯಂ ಕಳೆ. ಸೋಮವಾರ ನಮ್ಮ ತಂಡದ ಅರ್ಧ ಜನ ಮೈ ಕೆರೆದುಕೊಳ್ಳುತ್ತ, ಇನ್ನರ್ಧ ಜನ ಸೀನುತ್ತ ಮನೆಯಿಂದಲೇ ಕೆಲಸ ಮಾಡಿದರು.

ಯಜಮಾನರು ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಆಡಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. "ಮಳೆ ಬರಾದ್ರೊಳ್ಗೆ ನೆಡ್ಬೇಕು" ಎಂದಷ್ಟೇ ಹೇಳಿ ಪಂಚೆ ಮೇಲೆತ್ತಿ ಕಟ್ಟಿದರು. ಮಳೆ ಕೇಳಬೇಕಲ್ಲ! ಮಂಗಳವಾರ ಸಂಜೆ ಸುರಿದ ಸುರಿತಕ್ಕೆ ಅತ್ತಿಮರದ ಪಕ್ಕ ಮೂರು ಮಾರು ದಾರಿ ಜಾರಿ ಕೆರೆಗೆ ಬಿತ್ತು. ಬುಧವಾರ ಇಂಜಿನಿಯರ್ ಬಂದು ಫೋಟೋ ಹೊಡೆದುಕೊಂಡರು. "ನಾನೇನ್ ಮಾಡ್ಲಿ ಹೇಳಿ ಸಾರ್? ಯಾರಾದ್ರೂ ಬಿದ್ರೆ ನನ್ ತಲೆಗೆ ಬರುತ್ತೆ. ಸೋಮವಾರ ಬೇಲಿ ಹಾಕಿಸ್ತೀನಿ" ಎಂದರು. ಅವರ ಮೇಲೂ ಸಿಟ್ಟು ಮಾಡಲು ಎಡೆಯಿರಲಿಲ್ಲ, ಏಕೆಂದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹಾಗಾಗಿ ಸಿಟ್ಟೆಲ್ಲ ನನ್ನ ಮೇಲೆಯೇ ಬಂತು.

ಅವತ್ತು ಅಕ್ಕ ಕುಸಿದ ಜಾಗದ ಆಚೆ ಅಂಚಿನಲ್ಲಿ ಬಂದು ನಿಂತರು. ಈಚೆ ಅಂಚಿನಲ್ಲಿ ಯಜಮಾನರು. ನಡುವೆ ಮೂರು ಮಾರು ಗಾಳಿ.

"ಇದೇನೋ ನಿನ್ ದಾರಿ? ಕೆರೆಗೆ ಓಗ್ಬುಟ್ಟದೆ!"

"ನೀನೂ ಓಗು ಅದ್ರ ಇಂದೆ!"

"ಓಯ್ತೀನಿ, ನೀನು ಮೊದ್ಲು ಕಾಫಿ ಕುಡ್ದ್ಯಾ?"

"ಕುಡೀನಿಲ್ಲ!"

ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು ಹಿಂದಿರುಗಿದರು. ನಾನು ಆಫೀಸಿಗೆ ಫೋನು ಮಾಡಿ ಮೂರು ದಿನ ರಜೆ ಹಾಕಿದೆ. ಕಾರಣ ಕೇಳಿದ ಮ್ಯಾನೇಜರಿಗೆ "ಹುಲ್ಲು ನೆಡಬೇಕು" ಎಂದೆ. ಆತ ನನ್ನ ಆರೋಗ್ಯ ವಿಚಾರಿಸಿದ.

ರಾಶಿಯಲ್ಲಿ ಬಿದ್ದಿದ್ದ ಲಾವಂಚ ಸತ್ತಿರಲಿಲ್ಲ, ಗಟ್ಟಿ ಜೀವ. ಕಲ್ಲು ಕಟ್ಟಿದೆವು, ಮಣ್ಣು ತುಂಬಿದ ಚೀಲ ಪೇರಿಸಿದೆವು, ಬೇರು ಒಳಗೆ ತುರುಕಿ ತುಳಿದೆವು. ಬೆಣ್ಣೆ ಪಾದದ ನನ್ನ ಗಂಡನೂ ಬಂದು, ಇಲ್ಲದ ಸೊಂಟನೋವನ್ನು ನಿಜವಾಗಿ ಸಂಪಾದಿಸಿಕೊಂಡರು. ಸೋಮವಾರ ಬೇಲಿಯ ಕಂಬಗಳ ಜೊತೆ ಬಂದ ಇಂಜಿನಿಯರಿಗೆ ಯಜಮಾನರು ಹೇಳಿದ್ದು ಒಂದೇ ಮಾತು: "ಶೂ ಬಿಚ್ಚಿ ನಡೀರಿ ಸಾರ್, ಆಮೇಲೆ ಮಾತು." ಅವರು ಬಿಚ್ಚಿದರು, ಆ ತುದಿಗೆ ಹೋದರು, ಬಂದರು, ಮಧ್ಯದಲ್ಲಿ ನಿಂತು ಎರಡು ಸಲ ಕುಪ್ಪಳಿಸಿದರು. ಕಂಬಗಳನ್ನು ವಾಪಸ್ ಗಾಡಿಗೆ ಹಾಕಿಸಿ, "ಈ ಹುಲ್ಲು ನಮ್ಮನೆ ಹತ್ರಾನೂ ಬೇಕಿತ್ತು, ಎರಡು ಬುಡ ಕೊಡ್ತೀರಾ?" ಎಂದು ಕೇಳಿದರು.

ಮಂಗಳವಾರ ಅಕ್ಕ ಬಂದರು. "ಏನ್ ಇಷ್ಟು ಗಟ್ಟಿ ಮಾಡಿದ್ದೀಯೋ, ಅಂಗಾಲು ನೋಯ್ತದೆ" ಎಂದರು. ನನಗೆ ಇನ್ನು ತಡೆಯಲಾಗಲಿಲ್ಲ! ಯಜಮಾನರು ಗುದ್ದಲಿ ಹಿಡಿದು ಹೋದ ಮೇಲೆ ನೇರವಾಗಿ ಕೇಳಿಯೇಬಿಟ್ಟೆ. "ಅಜ್ಜೀ, ನಾಚಿಕೆ ಆಗಲ್ವಾ ನಿಮಗೆ? ನಿಮಗೋಸ್ಕರ ಜೀವ ತೇಯ್ತಾ ಇದ್ದಾರೆ. ಒಂದು ದಿನ ಚೆನ್ನಾಗಿದೆ ಅನ್ನೋಕೆ ಏನು ಕಷ್ಟ?"

ಅಜ್ಜಿ ಸೀರೆಯನ್ನು ಸ್ವಲ್ಪ ಮೇಲೆತ್ತಿ ಮಂಡಿ ತೋರಿಸಿದರು. ಊದಿ ತೆಂಗಿನಕಾಯಿ ಗಾತ್ರವಾಗಿತ್ತು.

"ಡಾಕ್ಟ್ರು ನಡೀಲೇಬ್ಯಾಡ ಅಂದು ಆರು ತಿಂಗ್ಳಾಯ್ತು ಕಣವ್ವ. ಮನೇಲಿ ಮೊಮ್ಮಕ್ಳವೆ, ಟೀವಿ ಅದೆ, ನಂಗೇನ್ ಬಂದಿತ್ತು ಇಲ್ಲಿಗ್ ಬರಾಕೆ? ಇವ್ನು ಎಂಡ್ರು ಸತ್ ವರ್ಸ, ಒಲಾನೂ ಓದ್ ಮೇಲೆ, ಈ ಬೆಂಚ್ ಮೇಲೆ ಕುಂತೋನು ಮೇಲೇಳ್ಲೇ ಇಲ್ಲ. ಬಾಡ್ಗೆ ಬತ್ತದೆ, ಅನ್ನ ಅದೆ, ಕೆಲ್ಸ ಇಲ್ಲ. ಚೆನ್ನಾಗದೆ ಅಂದ್ರೆ ನಾಳೆ ಏನ್ ಮಾಡ್ತಾನೆ?"

ಅಜ್ಜಿ ನನ್ನ ಕೈ ಹಿಡಿದುಕೊಂಡು ಎದ್ದರು. ಇನ್ನು ಒಂದಷ್ಟು ದಿನ ಬರಲಾಗದು, ಮಂಡಿಗೆ ಕಟ್ಟು ಹಾಕುತ್ತಾರೆ, ಅವನಿಗೆ ನೆಂಟರ ಮನೆಗೆ ಹೋಗಿದ್ದೇನೆಂದು ಹೇಳು ಎಂದರು. ಮೊಮ್ಮಗನ ಫೋನ್ ನಂಬರನ್ನೂ ಬರೆಸಿದರು.

ಮರುದಿನ ಸುದ್ದಿ ಹೇಳಿದಾಗ "ಕಾಟ ತಪ್ತು" ಎಂದ ಯಜಮಾನರು, ಅಂದು ಬೆಂಚು ಬಿಟ್ಟು ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ಕಾಫಿಯ ಲೋಟ ಪೂರ್ತಿ ಖಾಲಿಯಾಗುತ್ತಿತ್ತು.

ಮೂರನೆಯ ದಿನ ಬೆಳಕು ಹರಿಯುತ್ತಲೇ ನಾನೊಬ್ಬಳೇ ಏರಿಗೆ ಹೋದೆ. ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆ. ಒಂದು ತಪ್ಪು ಸಿಗಬೇಡವೇ? ಮನುಷ್ಯ ಅಂದಮೇಲೆ ಒಂದಾದರೂ ತಪ್ಪು ಮಾಡಬೇಡವೇ? ಎಂಥ ಹಟಮಾರಿ ಕೆಲಸ! ಕೊನೆಗೆ ಕೆರೆಯಂಚಿಗೆ ಇಳಿದು ಮೂರು ಚೂಪು ಕಲ್ಲು ಆರಿಸಿ ತಂದೆ, ದಾರಿಯ ನಡುವೆ ಹೂತೆ, ಚಪ್ಪಲಿ ಬಿಟ್ಟು ತುಳಿದು ನೋಡಿದೆ. ಚುಚ್ಚಿತು.

ಬಂದು ಅವರ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತೆ. "ಏನ್ ಯಜಮಾನ್ರೇ, ಇದೇನಾ ದಾರಿ ಮಾಡೋ ರೀತಿ? ಅಲ್ಲಿ ನಡೆಯೋಕಾಗ್ತಿಲ್ಲ!"

"ಯಾವಳೇ ಅದು ನನ್ ದಾರೀಲಿ ಕೊಂಕು ತೆಗ್ಯಾದು!" ಎಂದು ಗರ್ಜಿಸಿ ಎದ್ದರು. ಲೋಟ ಉರುಳಿ ಕಾಫಿ ಚೆಲ್ಲಿತು. ಬೀದಿಯ ತಿರುವು ದಾಟುವವರೆಗೂ ಅವರ ಬೈಗುಳ ಕೇಳಿಸುತ್ತಿತ್ತು. ನನ್ನ ಕಣ್ಣು ಮಂಜಾಗಿ ಅಜ್ಜಿಯ ಮೊಮ್ಮಗನ ನಂಬರು ಒತ್ತುವುದು ತಡವಾಯಿತು.

"ಅಜ್ಜೀ, ಹೊರಟ್ರು."

"ಬೈಕೊಂಡ್ ಓದ್ನಾ?"

"ಬೈಕೊಂಡೇ ಹೋದ್ರು."

ಅಜ್ಜಿ "ಅಂಗಾದ್ರೆ ಚೆನ್ನಾಗವ್ನೆ ಬುಡು" ಎಂದರು.