ಅಸಮಾನತೆ ಮತ್ತು ನನ್ನ ಹೆಸರಿನ ಗಾತ್ರ

ಭಾಷಣ ಮಾಡಲು ಯಾರೂ ಕರೆಯದಿರುವವರೆಗೆ ಮನುಷ್ಯ ಸುಮಾರಾಗಿ ಒಳ್ಳೆಯವನಾಗಿಯೇ ಇರುತ್ತಾನೆ ಎಂಬುದು ನನ್ನ ಅನುಭವ. ನಾನೂ ಹಾಗೆಯೇ ಇದ್ದೆ. ಪುಣೆಯ ಖಡಕಿ ಭಾಗದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆ ಮನೆಗೆ ಬಂದರೆ ಚುರುಮುರಿ, ಚಹಾ, ಪೇಪರು. ನನ್ನ ಹೆಸರು ಅಚ್ಚಾದದ್ದು ಮದುವೆಯ ಕಾರ್ಡಿನಲ್ಲಿ. ಆಮೇಲೆ ವಿದ್ಯುತ್ ಬಿಲ್ಲಿನಲ್ಲಿ, ಅದೂ ತಪ್ಪಾಗಿ. ಕಚೇರಿಯಲ್ಲಿ ಸಾಹೇಬರಿಗೆ ಕಪ್ಪು-ಬಸಿಯಲ್ಲಿ ಚಹಾ, ನಮಗೆ ಗಾಜಿನ ಗ್ಲಾಸಿನಲ್ಲಿ. ಈ ಅನ್ಯಾಯದ ಬಗ್ಗೆ ನಾನು ಬಸ್ಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಎಷ್ಟು ಮಾತಾಡಿದ್ದೆನೆಂದರೆ ಕೊನೆಗೆ ಅದು ನಮ್ಮ ಕನ್ನಡ ಮಂಡಳಿಯ ಕಾರ್ಯದರ್ಶಿ ಗುರುನಾಥರಾಯರ ಕಿವಿಗೂ ಬಿತ್ತು. ಅವರು ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ತೊಂಬತ್ತರ ದಶಕದ ನಡುವೆ ಒಂದು ರವಿವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು ಕೂತರು.

"ಕಟ್ಟಿಯವರ, ಈ ಸಲದ ಕಾರ್ಯಕ್ರಮಕ್ಕ 'ಅಸಮಾನತೆ' ಅಂತ ವಿಷಯ ಇಟ್ಟೇವ್ರಿ. ಅರ್ಥಶಾಸ್ತ್ರದ ಬಗ್ಗೆ ಒಬ್ಬ ನಿವೃತ್ತ ಪ್ರೊಫೆಸರು ಮಾತಾಡ್ತಾರ. ಉಳಿದ ಕ್ಷೇತ್ರದಾಗ ಅದರ ಅರ್ಥ ಏನೇನದ ಅಂತ ನೀವು ಹೇಳ್ರಿ," ಎಂದರು.

ಉಳಿದ ಕ್ಷೇತ್ರ ಎಂದರೆ ಜಗತ್ತಿನಲ್ಲಿ ಅರ್ಥಶಾಸ್ತ್ರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ. ನಾನು ಕೂಡಲೇ ಒಪ್ಪಿಕೊಂಡೆ.

ಅಂದಿನಿಂದ ಸಿಕ್ಕವರನ್ನೆಲ್ಲ ಹಿಡಿದು ಕೇಳತೊಡಗಿದೆ. ಮೇಲಿನ ಮಹಡಿಯ ಮರಾಠಿ ಹುಡುಗಿ ಮಂಜಿರಿ ಕಾಲೇಜಿನಲ್ಲಿ ಗಣಿತ ಓದುತ್ತಿದ್ದಳು. ಗಣಿತದಲ್ಲಿ ಅಸಮಾನತೆ ಎಂದರೆ ಬೈಗುಳವಲ್ಲ, ಒಂದು ಚಿಹ್ನೆ. ಅದರ ಬಾಯಿ ಯಾವಾಗಲೂ ದೊಡ್ಡದರ ಕಡೆಗೆ ತೆರೆದಿರಬೇಕು, ಎರಡೂ ಬದಿಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಮಾತ್ರ ಅದು ಮಗ್ಗಲು ಬದಲಿಸುತ್ತದೆ ಎಂದು ತಿಳಿಸಿದಳು. ದೊಡ್ಡವರ ಕಡೆಗೆ ಬಾಯಿ ತೆರೆದು ನಿಂತ ಆ ಚಿಹ್ನೆಯನ್ನು ನೋಡಿದಾಗ ನನಗೆ ನಮ್ಮ ಹೆಡ್ ಕ್ಲರ್ಕು ನೆನಪಾದರು. ಭೋಸರಿಯ ಕಾರಖಾನೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಬಸವರಾಜ, "ನಮ್ಮಲ್ಲಿ ಎರಡು ಶಾಫ್ಟು ಒಂದ ಸಮ ಇರೂದ ಇಲ್ರಿ. ಫರಕು ಇದ್ದ ಇರ್ತದ. ಹದ್ದಿನಾಗಿದ್ರ ಪಾಸು, ಹದ್ದು ಮೀರಿದ್ರ ಭಂಗಾರ," ಎಂದ. ಭಂಗಾರ ಎಂದರೆ ಇಲ್ಲಿ ಚಿನ್ನವಲ್ಲ, ಗುಜರಿ. ನನ್ನ ಮೊಣಕಾಲು ನೋಡಿದ ಡಾಕ್ಟರು ಒಂದು ಕಾಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಗಿಡ್ಡ ಇದೆ ಎಂದರು. ವಾಚನಾಲಯದ ಹಳೆಯ ಪುಸ್ತಕವೊಂದರ ಪ್ರಕಾರ ಚಂದ್ರ ಆಕಾಶದಲ್ಲಿ ಒಮ್ಮೆ ಬೇಗ, ಒಮ್ಮೆ ನಿಧಾನ ನಡೆಯುವುದಕ್ಕೂ ಖಗೋಳದವರು ಅಸಮಾನತೆ ಎಂದೇ ಹೆಸರು ಕೊಟ್ಟಿದ್ದರು. ಚಂದ್ರನಿಗೂ ನನಗೂ ನಡಿಗೆಯಲ್ಲಿ ಹೀಗೊಂದು ಸಂಬಂಧ ಸಿಕ್ಕಿದ್ದು ಭಾಷಣಕ್ಕೆ ಬಹಳ ಉಪಯೋಗವಾಗುವಂತಿತ್ತು.

ಇಷ್ಟೆಲ್ಲ ಜ್ಞಾನ ಸಂಪಾದನೆ ನಡೆಯುವಾಗ ಅಡುಗೆಮನೆಯಿಂದ ಯಾವುದೋ ದೇವರ ಪದ ಆಗಾಗ ಕೇಳಿಬರುತ್ತಿತ್ತು. ನನ್ನ ಹೆಂಡತಿ ಶಾಂತಾ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದಳು. "ಸ್ವಲ್ಪ ಸಣ್ಣಗ ಹಾಡ. ನಾ ಇಲ್ಲಿ ವಿಚಾರ ಮಾಡಾಕತ್ತೀನಿ," ಎಂದು ಕೂಗಿದ್ದೆ. ಹಾಡು ನಿಂತಿತು. ಯಾಕೆ ಹಾಡುತ್ತಿದ್ದಾಳೆ ಎಂದು ಕೇಳಬೇಕೆಂದು ಹೊಳೆಯಲಿಲ್ಲ.

ಕೆಲವು ದಿನಗಳಲ್ಲಿ ಗುರುನಾಥರಾಯರು ಆಮಂತ್ರಣದ ಪ್ರೂಫು ಕಳಿಸಿದರು. ಕಾರ್ಡಿನ ನಡುಮಧ್ಯೆ ಪ್ರೊಫೆಸರ ಹೆಸರು, ಕಲ್ಲಿನಲ್ಲಿ ಕಡೆದ ಹಾಗೆ ದಪ್ಪ ಅಕ್ಷರ. ಅದರ ಕೆಳಗೆ ಇರುವೆ ಸಾಲು. ಕನ್ನಡಕ ಹಾಕಿಕೊಂಡು ನೋಡಿದರೆ ಆ ಇರುವೆಗಳೇ ನಾನು. ಅರ್ಧ ದಿನ ರಜೆ ಹಾಕಿ ನೇರವಾಗಿ ಬಟ್ಟೆ ಅಂಗಡಿಗೆ ಹೋದೆ.

"ರಾಯರ, ನನಗೇನು ಹೆಸರಿನ ಆಶಾ ಇಲ್ಲ," ಎಂದು ಶುರುಮಾಡಿದೆ. ಹೀಗೆ ಶುರುಮಾಡುವವರು ಯಾತಕ್ಕೆ ಬಂದಿರುತ್ತಾರೆಂದು ಎಲ್ಲ ಕಾರ್ಯದರ್ಶಿಗಳಿಗೂ ಗೊತ್ತಿರುತ್ತದೆ. "ವಿಷಯ ಅಸಮಾನತೆ ಅದ. ಕಾರ್ಡಿನಾಗ ಒಂದು ಹೆಸರು ಆನಿ, ಒಂದು ಹೆಸರು ಇರಿವಿ ಆದ್ರ ಮಂದಿ ನಗೂದಿಲ್ಲೇನ್ರಿ? ಇದು ತತ್ವದ ಪ್ರಶ್ನೆ."

ಗುರುನಾಥರಾಯರು ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಲೇ, "ತತ್ವ ಅಂದಮ್ಯಾಲ ಮುಗೀತ್ರಿ. ನೀವ ಪ್ರೆಸ್ಸಿಗೆ ಹೋಗಿ ಹ್ಯಾಂಗ ಬೇಕೋ ಹಾಂಗ ಮಾಡ್ಸಿಬಿಡ್ರಿ," ಎಂದರು.

ಪ್ರೆಸ್ಸು ಪೇಠೆಯ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿತ್ತು. ಆಗಷ್ಟೇ ಅಲ್ಲಿ ಕಂಪ್ಯೂಟರು ಬಂದಿತ್ತು. ಅದರ ಮುಂದೆ ಕೂತವನು ಮರಾಠಿಯವನು. ಕನ್ನಡ ಅಕ್ಷರಗಳನ್ನು ಚಿತ್ರ ನೋಡಿ ಚಿತ್ರ ಬರೆದಂತೆ ಜೋಡಿಸುತ್ತಿದ್ದನೇ ಹೊರತು ಓದಲು ಬರುತ್ತಿರಲಿಲ್ಲ. ಪರದೆಯ ಮೇಲೆ ಅವನು ನನ್ನ ಹೆಸರನ್ನು ದೊಡ್ಡದು ಮಾಡಿದ. ಇನ್ನೂ ಸ್ವಲ್ಪ ಎಂದೆ. ಮಾಡಿದ. ಇನ್ನೂ ಸ್ವಲ್ಪ ಎಂದೆ. ನನ್ನ ಹೆಸರು ಬೆಳಗಿನ ಪೂರಿಯ ಹಾಗೆ ಉಬ್ಬುತ್ತ ಪ್ರೊಫೆಸರ ಹೆಸರಿಗೆ ಸಮನಾಗಿ ನಿಂತಿತು. ಆಗ ಅವನು ತಿರುಗಿ, "ಆತಾ ಜಾಗಾ ನಾಹೀ, ಸಾಹೇಬ. ಖಾಲಚೀ ಓಳ ಕಾಢೂ ಕಾ?" ಎಂದ. ಜಾಗ ಸಾಲದು, ಕೆಳಗಿನ ಸಾಲು ತೆಗೆಯಲೇ ಎಂದು ಅವನ ಪ್ರಶ್ನೆ.

ಕೆಳಗಿನ ಸಾಲಿನತ್ತ ನಾನು ನೋಡಲಿಲ್ಲ ಎಂದರೆ ಸುಳ್ಳಾದೀತು. ನೋಡಿದೆ. 'ಪ್ರಾರ್ಥನೆ' ಎಂಬ ಮೊದಲ ಶಬ್ದ ಓದಿದೆ. ಮುಂದಿನ ಹೆಸರಿನವರೆಗೆ ಕಣ್ಣು ಹೋಗಲೇ ಇಲ್ಲ. ಕಾರ್ಡಿನಲ್ಲಿ ಹಾಕಲಿ ಬಿಡಲಿ, ಪ್ರಾರ್ಥನೆ ಆಗಿಯೇ ಆಗುತ್ತದೆ. ಹಾಡುವವರು ಯಾರೋ ಇರುತ್ತಾರೆ. ಅವರ ಹೆಸರನ್ನು ಯಾರು ಓದುತ್ತಾರೆ ಎಂದುಕೊಂಡೆ. "ಕಾಢಾ, ಕಾಢಾ," ಎಂದೆ. ಅವನು ಒಂದು ಗುಂಡಿ ಒತ್ತಿದ. ಸಾಲು ಮಾಯವಾಯಿತು.

ಕಾರ್ಡುಗಳು ಅಚ್ಚಾಗಿ ಬಂದ ಸಂಜೆ ನಾನು ಒಂದನ್ನು ಶಾಂತಾಳ ಕೈಗೆ ಕೊಟ್ಟು ಅವಳ ಮುಖ ನೋಡುತ್ತ ನಿಂತೆ. ಕೈಗೆ ಹಿಟ್ಟು ಹತ್ತಿತ್ತು. ಸೆರಗಿನಿಂದ ಒರೆಸಿಕೊಂಡು ಕಾರ್ಡು ಹಿಡಿದಳು. ಮೇಲಿನಿಂದ ಕೆಳಗೆ ನೋಡಿದಳು. ತಿರುಗಿಸಿ ಹಿಂದೆ ನೋಡಿದಳು. ಮತ್ತೆ ಮುಂದೆ ನೋಡಿದಳು.

"ನನ್ನ ಹೆಸರು ಕಾಣಸ್ಲಿಲ್ಲೇನು?" ಎಂದೆ.

"ನಿಮ್ಮದು ಕಾಣಸ್ತದ್ರಿ, ಕುರುಡರಿಗೂ ಕಾಣಸೂವಂಗದ," ಎಂದಳು. ಆಮೇಲೆ ಮೆಲ್ಲಗೆ, "ಈ ಸಲ ಪ್ರಾರ್ಥನಾ ನೀವ ಹಾಡ್ರಿ ಅಂತ ರಾಯರ ಮನಿಯವರು ಹೇಳಿದ್ರು. ಕಾರ್ಡಿನಾಗ ಹೆಸರೂ ಹಾಕ್ತೀವಿ ಅಂದಿದ್ರು. ನೀವು ಕಾರ್ಡು ನೋಡಿದಾಗ ನಿಮಗ ಗೊತ್ತಾಗ್ಲಿ ಅಂತ ಸುಮ್ಮನಿದ್ದೆ. ಹೋಗ್ಲಿ ಬಿಡ್ರಿ, ಮರ್ತಿರಬೇಕು," ಎಂದು ಒಳಗೆ ಹೋದಳು.

ಹೇಳಿಬಿಡಬೇಕು ಎನ್ನಿಸಿತು. ಊಟವಾದ ಮೇಲೆ ಹೇಳೋಣ ಎಂದುಕೊಂಡೆ. ಊಟವಾದ ಮೇಲೆ, ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಅವಳು ಹಾಡುವುದಿಲ್ಲ ಎಂದು ರಾಯರ ಮನೆಗೆ ಹೇಳಿ ಕಳಿಸಿದಳು. ಆಮೇಲಂತೂ ಹೇಳುವ ದಾರಿಯೇ ಮುಚ್ಚಿಹೋಯಿತು. ಅಡುಗೆಮನೆ ಎಷ್ಟು ಶಾಂತವಾಗಿತ್ತೆಂದರೆ ನನಗೆ ವಿಚಾರ ಮಾಡಲು ಬೇಕಾದಷ್ಟು ಅನುಕೂಲವಿತ್ತು, ವಿಚಾರವೇ ಬರುತ್ತಿರಲಿಲ್ಲ.

ಕೊನೆಗೆ ಗುರುನಾಥರಾಯರೇ ಓಡಿಬಂದರು. ಶಾಂತಾ ಅವರ ಮುಂದೆ ಚಹಾದ ಕಪ್ಪನ್ನು ಸದ್ದಾಗುವಂತೆ ಇಟ್ಟಳು.

"ವೈನಿಯವರ, ಯಾಕ್ರಿ ಹಾಡೂದಿಲ್ಲ ಅಂತೀರಿ?"

"ಹೆಸರು ಹಾಕ್ತೀವಿ ಅಂತ ಹೇಳಿ ಬಿಟ್ಟಮ್ಯಾಲ ಮತ್ತ ಯಾಕ ಕರೀತೀರಿ? ಬರಿದ ಆಶಾ ಹಚ್ಚಬಾರದ್ರಿ."

"ಅಯ್ಯ, ಬಿಟ್ಟೇವಿ? ಪ್ರೂಫಿನಾಗ ಇತ್ತಲ್ರಿ! ನಾನ ಕಣ್ಣಾರೆ ನೋಡೇನಿ. ಆಮ್ಯಾಲೆ ಕಟ್ಟಿಯವರು ಪ್ರೆಸ್ಸಿಗೆ ಹೋಗಿ..." ಎಂದವರು ಅಲ್ಲಿಗೇ ನಿಂತರು. ನನ್ನ ಮುಖ ನೋಡಿದರು. ಶಾಂತಾಳೂ ನೋಡಿದಳು. ಎಲ್ಲಾದರೂ ನೋಡಬೇಕಲ್ಲ ಎಂದು ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

"ಹೌದೇನ್ರಿ?" ಎಂದಳು.

"ಜಾಗಾ ಸಾಲಲಿಲ್ಲ," ಎಂದೆ. ಬಾಯಿಂದ ಹೊರಬಿದ್ದ ಮೇಲೆಯೇ ಆ ಮಾತು ಎಂಥದೆಂದು ನನಗೆ ಕೇಳಿಸಿದ್ದು. "ನಿನ್ನ ಹೆಸರು ಅಂತ ಗೊತ್ತಿರಲಿಲ್ಲ, ಶಾಂತಾ."

"ಮತ್ತ್ಯಾರದರ ಆಗಿದ್ರ ನಡೀತಿತ್ತೇನು?"

ನಾನು ಕ್ಯಾಲೆಂಡರಿನಲ್ಲಿ ಮುಂದಿನ ರಜೆ ಹುಡುಕತೊಡಗಿದೆ. ರಾಯರು ಚಹಾ ಕುಡಿಯುವ ನೆವದಲ್ಲಿ ಕಪ್ಪಿನೊಳಗೆ ಮುಖ ಮರೆಸಿದರು. ಶಾಂತಾಳೇ ಅವರಿಗೆ ಹೇಳಿದಳು: "ಹಾಡ್ತೀನ್ರಿ. ಆದ್ರ ನನ್ನ ಹೆಸರು ಸ್ಟೇಜಿನ ಮ್ಯಾಲ ಇವರ ಹೇಳ್ಬೇಕು. ಕಾರ್ಡಿನಾಗ ಯಾಕ ಇಲ್ಲ ಅನ್ನೂದನ್ನೂ ಇವರ ಹೇಳ್ಬೇಕು."

ಕಾರ್ಯಕ್ರಮದ ರವಿವಾರ ಬೆಳಿಗ್ಗೆ ಸಭಾಗೃಹ ತುಂಬಿತ್ತು. ರಾಯರು ಮೈಕನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು. ನಾನು ಹಿಂದಿನ ದಿನವೆಲ್ಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ವಾಕ್ಯ ನಾಲಿಗೆಯ ತುದಿಯಲ್ಲಿತ್ತು: ನನ್ನ ಹೆಸರು ದೊಡ್ಡದಾಗಲೆಂದು ಅವರ ಹೆಸರನ್ನು ನಾನೇ ತೆಗೆಸಿದೆ. ಮುಂದಿನ ಸಾಲಿನಲ್ಲಿ ನಮ್ಮ ಹೆಡ್ ಕ್ಲರ್ಕು ಕೂತಿದ್ದರು. ಅವರನ್ನು ಬರಲು ಹೇಳಿದವನೂ ನಾನೇ. "ಈಗ ಪ್ರಾರ್ಥನೆ, ಶ್ರೀಮತಿ ಶಾಂತಾ ಕಟ್ಟಿಯವರಿಂದ. ಮುದ್ರಣದೋಷದಿಂದ ಅವರ ಹೆಸರು ಕಾರ್ಡಿನಲ್ಲಿ ಬಿಟ್ಟುಹೋಗಿದೆ," ಎಂದು ಒಂದೇ ಉಸಿರಿನಲ್ಲಿ ಹೇಳಿ ಕೂತುಬಿಟ್ಟೆ. ಪಕ್ಕದಲ್ಲಿದ್ದ ಪ್ರೊಫೆಸರು ಬಾಗಿ, "ಹೆಸರು ಏನಂದ್ರಿ? ಕೇಳಿಸಲಿಲ್ಲ," ಎಂದರು. ಅವರಿಗೆ ಮತ್ತೊಮ್ಮೆ ಹೇಳಬೇಕಾಯಿತು. ಅವರು ಜೇಬಿನಿಂದ ಪೆನ್ನು ತೆಗೆದು ತಮ್ಮ ಕಾರ್ಡಿನ ಅಂಚಿನಲ್ಲಿ ಅದನ್ನು ಬರೆದುಕೊಂಡರು.

ಶಾಂತಾ ಹಾಡಿದಳು. ಇಷ್ಟು ವರ್ಷ ಅವಳ ಹಾಡನ್ನು ನಾನು ಒಗ್ಗರಣೆಯ ಸದ್ದಿನ ಸಂಗಡ, ಗೋಡೆಯ ಆಚೆಯಿಂದ ಕೇಳಿದ್ದೆ. ಪೂರ್ತಿ ದನಿ ಬಿಟ್ಟು ಹಾಡಿದರೆ ಅದು ಹೇಗಿರುತ್ತದೆಂದು ಸಭೆಯವರೆಲ್ಲರ ಜೊತೆಗೆ ನನಗೂ ಅಂದೇ ತಿಳಿಯಿತು. ಹಾಡು ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು. ನನ್ನ ಭಾಷಣಕ್ಕೂ ತಟ್ಟಿದರು. ಗಣಿತದ ಚಿಹ್ನೆಗೆ ನಕ್ಕರು, ಭಂಗಾರಕ್ಕೆ ನಕ್ಕರು, ಚಂದ್ರನ ಕುಂಟು ನಡಿಗೆಗೆ ತಲೆದೂಗಿದರು. ಪ್ರತಿ ಚಪ್ಪಾಳೆಗೂ ನನ್ನ ಕಿವಿ ಬಿಸಿಯಾಗುತ್ತಿತ್ತು. ಶಾಂತಾ ಎರಡನೆಯ ಸಾಲಿನಲ್ಲಿ ಕೈಕಟ್ಟಿ ಕೂತು ಒಂದು ಮಾತೂ ಬಿಡದೆ ಕೇಳಿಸಿಕೊಂಡಳು.

ವಾಪಸು ಬರುವಾಗ ಅವಳು ಸ್ಕೂಟರಿನ ಹಿಂದೆ ಕೂತಿದ್ದಳು. ಖಡಕಿಯ ಸಿಗ್ನಲ್ಲಿನಲ್ಲಿ ನಿಂತಾಗ, "ಭಾಷಣ ಚಲೋ ಆತ್ರಿ. ಎಲ್ಲಾ ಕ್ಷೇತ್ರ ಬಂದ್ವು. ಮುದ್ರಣ ಕ್ಷೇತ್ರ ಒಂದು ಬಿಟ್ಟುಬಿಟ್ರಿ," ಎಂದಳು.

ನಾನು ಬ್ರೇಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

"ಮುಂದಿನ ಕಾರ್ಯಕ್ರಮಕ್ಕ ನಂದ ಒಂದು ತಾಸು ಹಾಡು ಇಟ್ಟಾರಂತ. ಪ್ರೂಫು ನಾನ ನೋಡ್ತೀನಿ ಅಂತ ರಾಯರಿಗೆ ಹೇಳಿ ಬಂದೀನಿ."

"ಚಲೋ ಆತು," ಎಂದೆ. ಸಿಗ್ನಲ್ಲು ಹಸಿರಾದದ್ದು, ಹಿಂದಿನ ಟ್ರಕ್ಕಿನವನು ಹಾರ್ನು ಒತ್ತಿ ಮರಾಠಿಯಲ್ಲಿ ನನ್ನ ಯೋಗ್ಯತೆಯನ್ನು ಸರಿಯಾದ ಗಾತ್ರದಲ್ಲಿ ಹೇಳಿದ ಮೇಲೆಯೇ ನನಗೆ ಗೊತ್ತಾಯಿತು.